ಇದೊಂದ್ ವರ್ಷ ಬಿಡ್ರಿ

ಚಾ ಬಿಟ್ಟು ಇವತ್ತಿಗೆ 20 ದಿನ. ಮೊದಲ ಮೂರ್ ದಿನ ತಲಿನೋವು ಅಂದ್ರ ಒಳಗ ಯಾರೋ ಕುಂತು ಖಾರ ಕುಟ್ಟಾಕತ್ತಾರೇನೋ ಅನ್ನೋಹಂಗ, ಸ್ಟಾಫ್ ರೂಮಿಗೆ 11 ಗಂಟೆಕ್ಕ ಕೆಟಲ್ ಬಂತಂದ್ರ ನಾ ಎದ್ದು ವರಾಂಡಾದಾಗ ಹೋಗಿ ನಿಲ್ತಿದ್ದೆ, ವಾಸನಿ ಅಲ್ಲಿಗೂ ಬರ್ತಿತ್ತು ಅದು ಬ್ಯಾರೆ ಮಾತು. ಈಗ ಸ್ವಲ್ಪ ಅಡ್ಡಿಯಿಲ್ಲ. ನಮ್ಮ ಮನ್ಯಾಗ ಈ ದಿನದಾಗ ಎಲ್ಲಾರೂ ಎಲ್ಲಾರಿಗೂ ಕೇಳೋದು ಒಂದ ಪ್ರಶ್ನೆ, "ಈ ಸಲ ಏನ್ ಬಿಟ್ಟಿ?" ಮಗಳು ಇನ್‌ಸ್ಟಾಗ್ರಾಮ್ ಬಿಟ್ಟಾಳ, ಆದ್ರ ಅವ ರೀಲ್ಸ್ ಯೂಟ್ಯೂಬಿನ್ಯಾಗ ನೋಡ್ತಾಳ, ಕೇಳಿದ್ರ ಅದು ಬ್ಯಾರೆ ಆ್ಯಪ್ ಅಂತಾಳ. ನಮ್ಮನಿಯವ್ರದು ಪ್ರತಿ ವರ್ಷ ಒಂದ ಉತ್ತರ, "ನಾ ಸಿಟ್ಟು ಬಿಟ್ಟೀನಿ", ಹಂಗ ಹೇಳಿದ ದಿನಾನ ಸಂಜೀಕ ಸಿಲಿಂಡರ್ ತಂದ ಹುಡುಗನ ಮ್ಯಾಲ ಹರಿಹಾಯ್ದ್ರು.

ಗೊತ್ತಿಲ್ಲದವರಿಗೆ ಹೇಳ್ತೀನಿ, ಇದು ನಮ್ಮ ಕ್ರಿಶ್ಚನ್ನರ ತಪಸ್ಸು ಕಾಲ, ಲೆಂಟ್, ಈಸ್ಟರ್ ಹಬ್ಬಕ್ಕ ಮೊದಲ ನಲವತ್ತು ದಿನ ಉಪವಾಸ ಮಾಡೋದು, ಇಷ್ಟದ್ದೇನರ ಬಿಡೋದು. ನಾ ಹುಟ್ಟಿ ಬೆಳದದ್ದು ಬೆಟಗೇರ್ಯಾಗ, ಸಿಎಸ್‌ಐ ಅಂದ್ರ ಪ್ರೊಟೆಸ್ಟಂಟ್ ಮನಿತನ, ನಮ್ಮಜ್ಜಿ ಇದಕ್ಕ ಶ್ರಮೆಯ ಕಾಲ ಅಂತಿದ್ಲು, ಲಗ್ನ ಆಗಿ ಹುಬ್ಬಳ್ಳಿಗೆ ಕ್ಯಾಥೊಲಿಕ್ ಮನಿಗೆ ಬಂದ ಮ್ಯಾಲ ತಪಸ್ಸು ಕಾಲ ಆತು, ಹೆಸರು ಬದಲಾತು, ಹಸಿವು ಅದ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1837ಕ್ಕ ಧಾರವಾಡಕ್ಕ, 1839ಕ್ಕ ಹುಬ್ಬಳ್ಳಿಗೆ, 1841ಕ್ಕ ಬೆಟಗೇರಿಗೆ ಬಂದ್ರು, ಅಂದ್ರ ಈ ಕಡೆ ಮಂದಿ ಕನ್ನಡದಾಗ ಲೆಂಟ್ ಉಪವಾಸ ಮಾಡಾಕತ್ತು ಹತ್ತಿರ ಹತ್ತಿರ ಎರಡ್ ನೂರು ವರ್ಷಕ್ಕ ಬಂತು, ಆದ್ರೂ ಚಿಗರಿ ಬಸ್ಸಿನ್ಯಾಗ ಬಾಜೂಕ ಕುಂತವ್ರು "ಈ ವರ್ಷ ನಿಮ್ಮ ಕ್ರಿಸ್ಮಸ್ ಯಾವಾಗ್ರಿ?" ಅಂತ ಕೇಳೋದು ನಿಂತಿಲ್ಲ. ಇನ್ನೊಂದು ಮಾತು, ನಾ ಲೆಕ್ಕದ ಟೀಚರ್, ಇದನ್ನ ಹೇಳದ ಇರಾಕ ಆಗಂಗಿಲ್ಲ. ನಲವತ್ತು ದಿನ ಅಂತಾರಲ್ಲ, ಕ್ಯಾಲೆಂಡರ್ ಹಿಡದು ಎಣಿಸಿದ್ರ ಬರಂಗಿಲ್ಲ. ಈ ವರ್ಷ, 2025ರಾಗ, ಈ ಕಾಲ ಸುರು ಆಗೋ ಬೂದಿ ಬುಧವಾರ ಮಾರ್ಚ್ 5ಕ್ಕ, ಈಸ್ಟರ್ ಏಪ್ರಿಲ್ 20ಕ್ಕ, ನಡುವ 46 ದಿನ. ಆರು ರವಿವಾರ ತಗೀಬೇಕು, ಯಾಕಂದ್ರ ರವಿವಾರ ಪುನರುತ್ಥಾನದ, ಅಂದ್ರ ಯೇಸು ಸತ್ತು ಮತ್ತ ಎದ್ದ ದಿನ, ಅವತ್ತು ಉಪವಾಸ ಇಲ್ಲ. ಆವಾಗ 40. ಹಂಗಿದ್ರ ರವಿವಾರ ಚಾ ಕುಡೀಬಹುದೇನು ಅಂತ ನೀವು ಕೇಳ್ತೀರಿ. ಕುಡೀಬಹುದು. ನಾ ಕುಡ್ಯಾಂಗಿಲ್ಲ, ಕುಡದ್ರ ಸೋಮವಾರ ಮತ್ತ ತಲಿನೋವು ಮೊದಲಿಂದ ಸುರು ಆಕ್ಕೈತಿ, ಭಕ್ತಿ ಏನಲ್ಲ ಅದು.

ಬೂದಿ ಬುಧವಾರ ಬೆಳಿಗ್ಗೆ ಚರ್ಚಿನ್ಯಾಗ ಬಲಿಪೂಜೆ (ಮಾಸ್) ಮುಗಿಸಿಕೊಂಡು ಹಂಗ ಸಾಲಿಗೆ ಹೋದೆ, ಹಣಿ ಮ್ಯಾಲ ಬೂದೀಲೆ ಹಾಕಿದ ಶಿಲುಬೆ ಗುರ್ತು ಇತ್ತು. ಆ ಬೂದಿ ಹೋದ ವರ್ಷದ ಗರಿಗಳ ಹಬ್ಬದಾಗ ಕೈಯಾಗ ಹಿಡದಿದ್ದ ಗರಿ ಸುಟ್ಟು ಮಾಡಿದ್ದು, ಮಣ್ಣಿಂದ ಬಂದೀದಿ ಮಣ್ಣಿಗೇ ಹೋಗ್ತೀದಿ ಅಂತ ನೆನಪು ಮಾಡಿ ಹಚ್ತಾರ. ಟೆಂತ್ ಹುಡುಗ್ರು ರಿವಿಜನ್‌ಗೆ ಬಂದಿದ್ವು, ಹಿಂದಿನ ಬೆಂಚಿನಿಂದ ಒಂದು ಪಿಸುಮಾತು, "ಏ ಟೀಚರ್ ಈಬತ್ತಿ ಹಚ್ಕೊಂಡಾರಲೇ." ಸ್ಟಾಫ್ ರೂಮಿನ್ಯಾಗ ನಮ್ಮ ಕನ್ನಡ ಸರ್, ದಿನಾ ಮೂರ್ ಬಟ್ಟ ಈಬತ್ತಿ ಹಚ್ಚಿಕೊಂಡು ಬರೋ ಮನಿಶಾ, ನನ್ನ ಹಣಿ ನೋಡಿ ಕನ್ನಡಕ ಏರಿಸಿ, "ಅಡ್ಡ ಹಚ್ಚಬೇಕಾಗಿತ್ರಿ ಟೀಚರ್, ನಿಮ್ಮ ಸ್ವಾಮಿಗೋಳು ಗುಣಿಸೋ ಚಿಹ್ನೆ ಹಾಕ್ಯಾರ" ಅಂದ್ರು. ಗುಣಿಸೋದು ಅಲ್ರಿ ಸರ್, ಕೂಡಿಸೋದು ಅಂದೆ ನಾ. ಈ ಸರ್ ಬಗ್ಗೆ ಇನ್ನೂ ಹೇಳೋದೈತಿ, ಈ ಪೋಸ್ಟ್ ಒಂಥರಾ ಅವರದ.

ನಿನ್ನೆ, ಮಾರ್ಚ್ 23, ತಪಸ್ಸು ಕಾಲದ ಮೂರನೇ ರವಿವಾರ. ಚರ್ಚಿನ್ಯಾಗ ಬೈಬಲಿನಿಂದ ಓದಿದ ಶುಭಸಂದೇಶ ಲೂಕನದು, 13ನೇ ಅಧ್ಯಾಯ, ಹಣ್ಣು ಕೊಡದ ಅಂಜೂರದ ಗಿಡದ ಕಥಿ. ಭಾಳ ಸಣ್ಣದು, ನಾಕ ವಚನ. ಒಬ್ಬಾಂವ ತನ್ನ ದ್ರಾಕ್ಷಿ ತ್ವಾಟದಾಗ ಒಂದು ಅಂಜೂರದ ಗಿಡ ಹಚ್ಚಿಸಿದ್ದ. ಹಣ್ಣ ಅದಾವೇನು ಅಂತ ಬಂದು ನೋಡ್ತಾನ, ಒಂದೂ ಇಲ್ಲ. ತ್ವಾಟ ನೋಡಕೊಳ್ಳಾಂವಗ ಅಂತಾನ, ನೋಡಪಾ, ಮೂರ್ ವರ್ಷಾತು ನಾ ಬರೋದು ಖಾಲಿ ಕೈಲೆ ಹೋಗೋದು, ಕಡದ ಒಗಿ ಇದನ್ನ, ಸುಮ್ನ ಜಾಗಾ ಯಾಕ ಕೆಡಸಬೇಕು? ಅಂವ ಅಂತಾನ, ಧಣ್ಯಾರ, ಇದೊಂದ್ ವರ್ಷ ಬಿಡ್ರಿ, ಸುತ್ತಲೂ ಅಗದು ಗೊಬ್ಬರಾ ಹಾಕ್ತೀನಿ, ಮುಂದ ಹಣ್ಣು ಬಿಟ್ರ ಛೊಲೋ ಆತು, ಇಲ್ಲಾಂದ್ರ ನೀವು ಕಡಸ್ರಿ.

ಅಷ್ಟ. ಧಣಿ ಹ್ಞೂಂ ಅಂದನೋ ಊಹ್ಞೂಂ ಅಂದನೋ ಇಲ್ಲ, ಗಿಡ ಹಣ್ಣು ಬಿಡ್ತೋ ಇಲ್ಲೋ ಅದೂ ಇಲ್ಲ. ಪ್ರಶ್ನೆಪತ್ರಿಕೆಯೊಳಗ ಅರ್ಧ ಪ್ರಿಂಟ್ ಆದ ಲೆಕ್ಕ ಇದ್ದಂಗ.

ಫಾದರ್ ಪ್ರಬೋಧನೆಯಾಗ ಒಂದು ಮಾತು ಹೇಳಿದ್ರು, ಅದ ನನ್ನ ತಲಿಗೆ ಅಂಟಿಕೊಂಡು ಕುಂತೈತಿ. ಲೂಕ ಬರದದ್ದು ಗ್ರೀಕ್ ಭಾಷೆಯೊಳಗ, ಆ ತ್ವಾಟದಾಂವ "ಬಿಡ್ರಿ" ಅಂತಾನಲ್ಲ ಅಲ್ಲಿ ಇರೋ ಶಬ್ದ ಅಫೆಸ್. ಅದ ಶಬ್ದ ಯೇಸು ಕಲಿಸಿದ ಪ್ರಾರ್ಥನೆ, ಪರಲೋಕ ಮಂತ್ರದಾಗ ನಮ್ಮ ಪಾಪಗಳನ್ನ ಕ್ಷಮಿಸು ಅಂತ ಬರೋ ಕಡೆ ಐತಿ, ಅದ ಶಬ್ದ ಶಿಲುಬೆ ಮ್ಯಾಲ ಯೇಸು ತಂದೆಯೇ ಇವರನ್ನ ಕ್ಷಮಿಸು ಅಂದ ಕಡೆನೂ ಐತಿ. ಬಿಡೋದೂ ಅದ, ಕ್ಷಮಿಸೋದೂ ಅದ. ಫಾದರ್ ಇದನ್ನ ಭಾರಿ ಹೊಸ ಸಂಗತಿ ಹೇಳಿದಂಗ ಹೇಳಿದ್ರು, ಆದ್ರ ನಾ ಬೆಂಚಿನ್ಯಾಗ ಕುಂತು ಯೋಚನಿ ಮಾಡಿದ್ದು, ಅಲ್ರಿ ಫಾದರ್, ಇದಕ್ಕ ಗ್ರೀಸಿಗೆ ಯಾಕ ಹೋಗಬೇಕು, ನಮ್ಮ ಹುಬ್ಬಳ್ಳ್ಯಾಗ ದಿನಾ ಇದ ನಡದೈತಲ್ಲ. ಇಬ್ರು ಜಗಳಾಡಾಕತ್ತಿದ್ರ ಮೂರನೇದವ ಬಂದು ಏನಂತಾನ? "ಹೋಗ್ಲಿ ಬಿಡಲೇ." ಕ್ಷಮಿಸು ಅಂತ ನಾವೆಲ್ಲಿ ಅಂತೀವಿ, ಅದು ಪುಸ್ತಕದ ಮಾತು. ಚಾ ಬಿಟ್ಟೀನಿ ಅಂದ್ರೂ ಬಿಡೋದ, ಬಿಡು ಏನಾಗಂಗಿಲ್ಲ ಅಂದ್ರೂ ಬಿಡೋದ, ಗಿಡ ಹಣ್ಣು ಬಿಟ್ಟೈತಿ ಅಂದ್ರೂ ಬಿಡೋದ, ಕಡೀಕ ಯಾರನ್ನರ ನಡುನೀರಾಗ ಕೈಬಿಟ್ಟು ಬಂದ್ರೂ ಅದನೂ ಬಿಡೋದ. ಇವತ್ತು ಸಾಲ್ಯಾಗ ಕನ್ನಡ ಸರ್‌ಗೆ ಇದನ್ನ ಹೇಳಿದ್ನಿ, ಅವ್ರಿಗೆ ಹಬ್ಬ ಆತು, ಲೈಬ್ರರಿಯಿಂದ ಕಿಟೆಲ್ ಪದಕೋಶ ಎತ್ತಿಕೊಂಡ ಬಂದ್ರು, ಅದು 1894ರಾಗ ಅಚ್ಚಾದದ್ದು, ಮಾಡಿದವ್ರು ನಮ್ಮ ಅದ ಬಾಸೆಲ್ ಮಿಶನ್ನಿನವ್ರು. ಬಿಡು ಅಂತ ತಗದ್ರ ಅರ್ಥದ ಮ್ಯಾಲ ಅರ್ಥ. ಸರ್ ಬಟ್ಟ ಇಟ್ಟು ಓದಕೋತ ಹೋದ್ರು, ನಾ ಟೆಂತ್ ಹುಡುಗ್ರ ಪೇಪರ್ ಮುಗಿಯೋ ಟೈಮ್ ಆತು ಅಂತ ಗಡಿಯಾರ ನೋಡಕೋತ ಕುಂತಿದ್ದೆ.

ಲೂಕ ಈ ಗಿಡದ ಕಥಿಕಿಂತ ಮೊದಲ ಇನ್ನೊಂದು ಬರೀತಾನ, ಅದನ್ನ ಎಲ್ಲಾರೂ ಜಿಗದ ಹೋಗ್ತಾರ. ಜನ ಯೇಸುವಿನ ಹತ್ರ ಒಂದು ಸುದ್ದಿ ತರ್ತಾರ, ರೋಮನ್ ಅಧಿಕಾರಿ ಪಿಲಾತ ಗಲಿಲೇಯದವ್ರನ್ನ ಬಲಿ ಕೊಡಾಕತ್ತಿದ್ದ ಹೊತ್ನ್ಯಾಗ ಕೊಲ್ಲಿಸಿದ ಅಂತ. ಯೇಸು ತಿರುಗಿ ಕೇಳ್ತಾನ, ಅವ್ರು ಉಳದವ್ರಕಿಂತ ದೊಡ್ಡ ಪಾಪಿಗಳು ಅಂತ ತಿಳದೀರೇನು? ಸಿಲೋವದಾಗ ಗೋಪುರ ಬಿದ್ದು 18 ಮಂದಿ ಸತ್ರಲ್ಲ, ಅವ್ರು ಜೆರುಸಲೇಮಿನ ಬಾಕಿ ಮಂದಿಗಿಂತ ಕೆಟ್ಟವರಿದ್ರೇನು? ಅಲ್ಲ. ಹಂಗಂತ ನೀವು ಉಳದೀರಿ ಅಂತ ನಿಮ್ಮ ಸರ್ಟಿಫಿಕೇಟ್ ಸ್ವಚ್ಛ ಐತಿ ಅಂತಲ್ಲ, ನೀವೂ ಮನಸ್ಸು ತಿರುಗಿಸ್ರಿ ಅಂತಾನ.

2019ರಾಗ ಇದನ್ನ ಕೇಳಿದ್ದು ನನಗ ಮರಿಯಾಂಗಿಲ್ಲ. ಆ ವರ್ಷ ಮಾರ್ಚ್ 19 ಮಂಗಳವಾರ ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಾಗ ಕಟ್ಟಾಕತ್ತಿದ್ದ ಬಿಲ್ಡಿಂಗ್ ಕುಸದು ಬಿತ್ತು, 19 ಜನ ತೀರಕೊಂಡ್ರು. ಆ ವಾರ ಪೂರ್ತಿ ಇಲ್ಲಿ ಯಾರಿಗೂ ಬ್ಯಾರೆ ಮಾತಿಲ್ಲ, ಎನ್‌ಡಿಆರ್‌ಎಫ್‌ನವ್ರು ಯಾರನ್ನರ ಜೀವಂತ ತಗದ್ರು ಅಂದ್ರ ಬಸ್ಸಿನ್ಯಾಗ ಗುರ್ತಿಲ್ಲದವ್ರು ಗುರ್ತಿಲ್ಲದವ್ರಿಗೆ ಮೊಬೈಲ್ ತೋರಸ್ತಿದ್ರು. ಮತ್ತ ಅದ ಬಸ್ಸಿನ್ಯಾಗ ಒಬ್ಬಾಕಿ, "ಏನ್ ಕರ್ಮಾ ಮಾಡಿದ್ರೋ ಏನೋ, ಹಂಗ ಸುಮ್ನ ಆಕ್ಕೈತೇನ್ರಿ" ಅಂದ್ಲು, ನಾನೂ ಗೋಣು ಹಾಕಿದ್ನಿ ಅಂತ ನನಗ ನೆನಪೈತಿ. ಐದ್ ದಿನಾ ಬಿಟ್ಟು ರವಿವಾರ ಚರ್ಚಿನ್ಯಾಗ ಕುಂತೆ, ಮಾರ್ಚ್ 24, ಓದಾಕತ್ತಿದ್ದು ಇದ, ಗೋಪುರ ಬಿದ್ದದ್ದು, 18 ಮಂದಿ. ಯಾರೂ ಹುಡುಕಿ ಆ ವಾಚನ ಇಟ್ಟದ್ದಲ್ಲ. ನಮ್ಮಲ್ಲಿ ವಾಚನಗಳು ಮೂರ್ ವರ್ಷದ ಸುತ್ತು, ಎ, ಬಿ, ಸಿ ಅಂತ, ಲೂಕನ ಈ ಪಾಠ ಸಿ ವರ್ಷದಾಗ ಬರ್ತೈತಿ, 2019, 2022, ಈಗ 2025. ನಮ್ಮ ಫಾದರ್ ಅವತ್ತು ಓದಿ ಮುಗಿಸಿ ಬುಕ್ ಮುಚ್ಚಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಾ ಕೇಳಿದ್ರಾಗ ಅತೀ ಛೊಲೋ ಪ್ರಬೋಧನೆ ಅದ.

ಮೂರ್ ವರ್ಷಕ್ಕೊಮ್ಮೆ ಬರೋ ಕಥಿಯೊಳಗ ಧಣಿ "ಮೂರ್ ವರ್ಷಾತು ನಾ ಬರಾಕತ್ತು" ಅಂತಾನ. ಇದು ಹಿಂದಿನ ಸಲ ನನ್ನ ತಲಿಗೆ ಹೊಳದಿದ್ದಿಲ್ಲ, ಈ ಸಲ ಹೊಳೀತು. ಯಾಕಂದ್ರ ಹಿಂದಿನೆರಡೂ ಸಲ ನಾ ಈ ಕಥಿಯೊಳಗ ಗಿಡ ಆಗಿದ್ದೆ. ಪಾಪಿ, ಹಣ್ಣಿಲ್ಲದಾಕಿ, ದೇವ್ರು ಇನ್ನೂ ಒಂದ್ ವರ್ಷ ಕೊಟ್ಟಾನ, ಅಯ್ಯೋ ಅಂತ ಕಣ್ಣೀರು ತಗದು ಹೊರಗ ಬಂದು ಪಾರ್ಕಿಂಗಿನ್ಯಾಗ ಸ್ಕೂಟಿ ತಗಿಯೂದ್ರಾಗ ಮರತಬಿಡ್ತಿದ್ದೆ. ಗಿಡ ಆಗೋದು ಭಾಳ ಸೋಪಿ. ನಿಲ್ಲೋದು ಅಷ್ಟ ಕೆಲಸ.

ನಿನ್ನೆ ನಾ ಗಿಡ ಇರಲಿಲ್ಲ. ಹೇಳತೀನಿ.

ಒಬ್ಬ ಹುಡುಗ. ಹೆಸರು ಬ್ಯಾಡ. 2022ರ ಜೂನಿನ್ಯಾಗ ಎಂಟನೆತ್ತೆಗೆ ನಮ್ಮ ಸಾಲಿಗೆ ಬಂದ. ದುರ್ಗದ ಬೈಲ್ ಕಡೆ ಅವರ ಮಾವಂದು ಗಿರ್ಮಿಟ್ ಗಾಡಿ, ಸಂಜೀ ಐದಕ್ಕ ಅಲ್ಲಿ ನಿಂತ್ರ ರಾತ್ರಿ ಹನ್ನೊಂದು, ಬೆಳಿಗ್ಗೆ ನನ್ನ ಮೊದಲ್ನೇ ಪೀರಿಯಡ್ಡಿನ್ಯಾಗ ಅಂವ ನಿದ್ದಿ. ಕರಡು ಹಾಳಿ ಕೊಟ್ರ ಹಾಳಿ ಹಂಗ ಖಾಲಿ ವಾಪಸ್ ಬರ್ತಿತ್ತು, ಹೆಸರು ಸುದ್ದಾ ಬರೀತಿರ್ಲಿಲ್ಲ ಒಮ್ಮೊಮ್ಮೆ. ಬೇದ್ರ ನಗ್ತಿದ್ದ, ಅದ ನನಗ ಹೆಚ್ಚು ಸಿಟ್ಟು ತರ್ಸೋದು. ಒಂಬತ್ತನೆತ್ತೆ ಮುಗಿಯೋ ಹೊತ್ತಿಗೆ, ಹೋದ ವರ್ಷ ಬೇಸಿಗಿ ಸೂಟಿ ಸುರು ಆಗೂಕಿಂತ ಮೊದಲ, ನಾ ಹೆಡ್‌ಮಾಸ್ಟರ್ ರೂಮಿಗೆ ಹೋಗಿ ಹೇಳಿದ್ದು ನನ್ನ ಬಾಯಿಂದ ಬಂದ ಮಾತು ಹಿಂಗಿತ್ತು, "ಸರ್, ಇವನ್ನ ಟೆಂತ್‌ಗೆ ತಗೊಂಡ್ರ ನನ್ನ ಸಬ್ಜೆಕ್ಟ್ ರಿಸಲ್ಟ್ ಹೋತಂತ ತಿಳೀರಿ. ಟಿಸಿ ಕೊಟ್ಟು ಬಿಡ್ರಿ. ಆ ಸೀಟಿಗೆ ಬ್ಯಾರೆ ಹುಡುಗ ಬರ್ತಾನ." ಸಾಲಿ ನಡಿಯೋದು ಹೆಂಗ ಅಂತ ಗೊತ್ತಿದ್ದವ್ರಿಗೆ ಇದರಾಗ ಆಶ್ಚರ್ಯ ಏನಿಲ್ಲ, ನೂರಕ್ಕ ನೂರು ರಿಸಲ್ಟ್ ಅಂತ ಗೇಟಿಗೆ ಬ್ಯಾನರ್ ಹಾಕೋ ಕಡೆ ಆ ಬ್ಯಾನರ್ ಹಿಂದ ಎಷ್ಟು ಟಿಸಿ ಅದಾವು ಅಂತ ಯಾರೂ ಎಣಿಸಂಗಿಲ್ಲ. ಎಷ್ಟೋ ಕಡೆ ಹಿಂಗ ನಡೀತೈತಿ.

"ಆ ಸೀಟಿಗೆ ಬ್ಯಾರೆ ಹುಡುಗ ಬರ್ತಾನ." "ಸುಮ್ನ ಜಾಗಾ ಯಾಕ ಕೆಡಸಬೇಕು." ನಿನ್ನೆ ಎರಡನೇದು ಓದಿದಾಗ ನನಗ ಒಂದನೇದು ಕೇಳಿಸ್ತು. ಅದೂ ಆ ಧಣಿ ಮೂರ್ ವರ್ಷ ಆದ್ರೂ ಕಾದಿದ್ದ, ನಾ ಎರಡಕ್ಕ ಕೊಡ್ಲಿ ಎತ್ತಿದ್ದೆ.

ಅವತ್ತು ಹೆಡ್‌ಮಾಸ್ಟರ್ ರೂಮಿನ್ಯಾಗ ಕನ್ನಡ ಸರ್ ಹಾಜರಿ ರಿಜಿಸ್ಟರಿಗೆ ಸಹಿ ಮಾಡಾಕತ್ತಿದ್ರು. ತಲಿ ಎತ್ತದ, "ಇದೊಂದ್ ವರ್ಷ ಬಿಡ್ರಿ ಟೀಚರ್, ನಾ ನೋಡ್ಕೋತೀನಿ" ಅಂದ್ರು. ನಾ ಅಂದೆ, ಸರ್ ನೀವು ಕನ್ನಡ ನೋಡ್ಕೋತೀರಿ, ಅಂವ ಕನ್ನಡದಾಗ ಹೆಂಗೋ ಪಾಸ್ ಆಗ್ತಾನ, ಲೆಕ್ಕಾ ಯಾರು ನೋಡ್ಕೋಬೇಕು? ಅದಕ್ಕವ್ರು ನಕ್ಕು, "ಅಗಿಯೋದು ನಾನು, ಗೊಬ್ಬರ ನೀವು" ಅಂದ್ರು. ಬೈಬಲ್ ಓದಿದ ಮನಿಶಾ ಅಲ್ಲ ಅವ್ರು. ನಾ ನಿನ್ನೆ ಚರ್ಚಿನ್ಯಾಗ ಕುಂತಲ್ಲೇ ಇದನ್ನ ನೆನಸಿಕೊಂಡು ಬೆಚ್ಚಿಬಿದ್ದೆ, ಬಾಜೂಕಿನ ಆಂಟಿ ಏನಾತು ಅಂತ ಕೈ ಹಿಡಕೊಂಡ್ರು.

ಇವತ್ತು ಸರ್‌ಗೆ ಪೂರ್ತಿ ಕಥಿ ಹೇಳಿದ ಮ್ಯಾಲ ಅವ್ರೊಂದು ಹೇಳಿದ್ರು. ಅವರದು ಕಲಘಟಗಿ ಕಡೆ ಊರು, ಮನಿ ಹಿಂದ ನಾಕೈದು ಆಪೂಸಿನ ಗಿಡ ಅದಾವು. ಆಪೂಸ್ ಗಿಡದ ಸ್ವಭಾವನ ಹಂಗ, ಒಂದ್ ವರ್ಷ ಗಿಡ ತುಂಬ ಕಾಯಿ, ಮರು ವರ್ಷ ಎಣಿಸಿ ಹತ್ತು. ಅದರಾಗ ಒಂದು ಗಿಡ ವರ್ಷಾನುಗಟ್ಟಲೆ ಹೂವನ ಬಿಟ್ಟಿರಲಿಲ್ಲಂತ. ಸರ್‌ನ ಅಜ್ಜ ಒಂದಿನ ಕೊಡ್ಲಿ ತಗೊಂಡು ಗಿಡದ ಮುಂದ ನಿಂತು ಊರಿಗೆಲ್ಲಾ ಕೇಳ್ಸೋಹಂಗ, ಇವತ್ತು ನಿನ್ನ ಕಡದು ಒಲಿಗೆ ಹಾಕ್ತೀನಿ ಅಂತ ಒದರಿದ್ನಂತ, ಅಜ್ಜಿ ಮನಿಯೊಳಗಿಂದ ಓಡಿ ಬಂದು ಗಿಡ ತಬ್ಬಿಕೊಂಡು, ಬ್ಯಾಡ್ರಿ, ಇದೊಂದ್ ವರ್ಷ ನೋಡೂಣು, ಮುಂದಿನ ಬೇಸಿಗಿಗೆ ಕಾಯಿ ಬಿಡ್ತೈತಿ ಅಂತ ನಾ ಮಾತು ಕೊಡ್ತೀನಿ ಅಂದ್ಲಂತ. ಸಣ್ಣ ಹುಡುಗ ಇದ್ದ ಸರ್ ಅಂಜಿ ಅಳಾಕ ಸುರು ಮಾಡಿದ್ರು. ಆಮ್ಯಾಲ ನೋಡಿದ್ರ ಅಜ್ಜ ಅಜ್ಜಿ ಇಬ್ರೂ ಕಟ್ಟಿ ಮ್ಯಾಲ ಕುಂತು ಎಲಿಅಡಕಿ ಹಾಕ್ಕೊಂಡು ನಗಾಕತ್ತಾರ. ನಾಟಕ ಅದು! ಗಿಡ ಕೇಳ್ಸಿಕೊಳ್ಳಲಿ ಅಂತ ಮಾಡಿದ್ದು, ಮೊದಲ ಇಬ್ರೂ ಮಾತಾಡಿಕೊಂಡು.

ನಾ ಇದನ್ನ ಕೇಳಿ ಸುಮ್ನಾದೆ. ಇಷ್ಟು ವರ್ಷ ಈ ಕಥಿ ನಮಗ ಹೆಂಗ ಕಲಿಸ್ಯಾರಂದ್ರ ಧಣಿ ಅಂದ್ರ ಸಿಟ್ಟಿನ ದೇವ್ರು, ತ್ವಾಟದಾಂವ ಅಂದ್ರ ಯೇಸು, ನಡುವ ನಿಂತು ಬೇಡಿಕೊಳ್ಳಾಕತ್ತಾನ. ಸಂಡೇ ಸ್ಕೂಲಿನ್ಯಾಗ ನಾನೂ ಹಂಗ ಕಲಿಸೀನಿ. ಆದ್ರ ಆ ಇಬ್ರೂ ಒಂದ ಕಟ್ಟಿ ಮ್ಯಾಲ ಕುಂತವ್ರು ಆಗಿದ್ರ? ಕೊಡ್ಲಿ ಹಿಡದಾಂವಗೂ ಗಿಡ ಕಡಿಯೋ ಮನಸ್ಸು ಇರಲಿಲ್ಲಂದ್ರ? ಫಾದರ್‌ಗೆ ಕೇಳಬೇಕು ಇದನ್ನ, ಅವ್ರು ಶಾಸ್ತ್ರದ ಪ್ರಕಾರ ತಪ್ಪು ಅಂತಾರ, ಅನ್ನಲಿ.

ಸರ್ ಇನ್ನೊಂದು ಮಾತೂ ಹೇಳಿದ್ರು, ಅದು ಒಕ್ಕಲತನ ಗೊತ್ತಿದ್ದವ್ರು ಅಷ್ಟ ಹೇಳೋ ಮಾತು. ಗಿಡದ ಸುತ್ತ ಅಗದ್ರ ಗಿಡಕ್ಕ ಸುಖ ಆಗಂಗಿಲ್ರಿ ಟೀಚರ್, ಮ್ಯಾಲಿನ ಸಣ್ಣ ಬೇರೆಲ್ಲಾ ಹರೀತಾವು, ನೋವ ಆಕ್ಕೈತಿ. ಮತ್ತ ಗೊಬ್ಬರ ಅಂದ್ರ ಏನ್ ಗಂಧ ಅಲ್ಲ, ದನದ ಹೆಂಡಿ, ಕಸಾ, ಒಲಿ ಬೂದಿ, ಎಲ್ಲಾ ತಿಪ್ಪ್ಯಾಗ ಕೊಳೀಬೇಕು, ಹಾಕೋರ ಕೈನೂ ನಾರ್ತೈತಿ. ಒಲಿ ಬೂದಿ ಅಂದಾಗ ನಾ ನನ್ನ ಹಣಿ ಮುಟ್ಟಿ ನೋಡ್ಕೊಂಡೆ, ಇಪ್ಪತ್ತು ದಿನದ ಹಿಂದಿಂದು, ಇನ್ನೆಲ್ಲಿ ಇರ್ತೈತಿ.

ಅಗದದ್ದು ಹೆಂಗ ಅಂದ್ರ, ಸರ್ ಜೂನಿನ್ಯಾಗ ಸೀದಾ ಗಿರ್ಮಿಟ್ ಗಾಡಿಗೆ ಹೋದ್ರು. ವಾರಕ್ಕ ಎರಡ್ ಸಲ, ಸ್ಟೂಲ್ ಹಾಕ್ಕೊಂಡು ಕುಂತು ಮಿರ್ಚಿ ತಿಂದು, ಮಾವನ ಜೋಡಿ ಮಾತಾಡಿ, ಎರಡ್ ತಿಂಗಳಿಗೆ ಆ ಮಾವ ಹುಡುಗನ್ನ ರಾತ್ರಿ ಒಂಬತ್ತಕ್ಕ ಮನಿಗೆ ಕಳಸಾಕ ಒಪ್ಪಿದ. ಹುಡುಗಗ ಇದರಿಂದ ಖುಷಿ ಏನಾಗಲಿಲ್ಲ, ಒಂಬತ್ತರ ಮ್ಯಾಲ ಬರೋ ಗಿರಾಕಿ ಕೊಡೋ ಚಿಲ್ಲರ ಅವಂದ ಆಗಿತ್ತು, ಅದು ಹೋತು. ಸಣ್ಣ ಬೇರು. ಒಂದ್ ತಿಂಗಳ ಸರ್ ಜೋಡಿ ಮಾತ ಬಿಟ್ಟಿದ್ದ.

ಗೊಬ್ಬರ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಎಂಟಕ್ಕ ಝೀರೋ ಪೀರಿಯಡ್, ಇವನೂ ಮತ್ತ ಇವನಂತಾವ್ರು ಆರ್ ಮಂದಿ. ನಾ ಎಷ್ಟು ಗೊಣಗೀನಿ ಅಂತ ನಮ್ಮನಿಯವ್ರಿಗೆ ಕೇಳ್ರಿ. ಒಂದಿನ ಬೋರ್ಡ್ ಮ್ಯಾಲ ಎರಡು ಚರಾಕ್ಷರದ ಸಮೀಕರಣ ಬರದ್ರ ಎಂದಿನಂಗ ಕಲ್ಲು ನೋಡಿದಂಗ ನೋಡಾಕತ್ತಿದ್ದ. ಸಿಟ್ಟಿನ್ಯಾಗ ಅಳಿಸಿ ಕೇಳಿದೆ, ಎರಡ್ ಗಿರ್ಮಿಟ್ ಮೂರ್ ಪ್ಲೇಟ್ ಮಿರ್ಚಿಗೆ 80 ರೂಪಾಯಿ, ಒಂದ್ ಗಿರ್ಮಿಟ್ ನಾಕ್ ಪ್ಲೇಟ್ ಮಿರ್ಚಿಗೆ 65, ಗಿರ್ಮಿಟ್ ಎಷ್ಟಲೇ? ಬಾಯಿ ಮುಚ್ಚೂದ್ರಾಗ, "ಇಪ್ಪತ್ತೈದು, ಮಿರ್ಚಿ ಹತ್ತು" ಅಂದ. ಹೆಂಗ ತಗದಿ ಅಂದ್ರ, "ಹಂಗ ಗೊತ್ತಾಕ್ಕೈತ್ರಿ." ಇಲ್ಲಿಗೆ ಕಥಿ ಸಿನಿಮಾದಂಗ ತಿರುಗಿ ಅಂವ ರ‍್ಯಾಂಕ್ ಬಂದ ಅಂತ ನೀವು ತಿಳಕೊಂಡ್ರ, ಇಲ್ಲ. ಎಕ್ಸ್ ವೈ ಹಾಕಿ ಹಂತ ಹಂತಾಗಿ ಬರಿ ಅಂದ್ರ ಇವತ್ತಿಗೂ ಕೈ ನಡುಗ್ತೈತಿ ಅವಂಗ, ಬೋರ್ಡ್ ಪರೀಕ್ಷಾದಾಗ ಹಂಗ ಗೊತ್ತಾಕ್ಕೈತಿ ಅಂದ್ರ ಮಾರ್ಕ್ಸ್ ಕೊಡಂಗಿಲ್ಲ. ಜನವರಿಯಿಂದ ನಾವು ಪಾಸಿಂಗ್ ಪ್ಯಾಕೇಜಿಗೆ ಇಳದ್ವಿ, ಗ್ರಾಫ್, ಥೇಲ್ಸ್ ಪ್ರಮೇಯ, ಸರಾಸರಿ, ಇಷ್ಟನ್ನ ಅರದು ಕುಡಸೋದು. ಪಾಸಾಗಾಕ 2025ರಾಗ 80ಕ್ಕ 28 ಬೇಕಾಗಿತ್ತು. ಫೆಬ್ರುವರಿ ಪ್ರಿಪರೇಟರ್‍ಯಾಗ 19 ತಗದ. 19 ಅಂದ್ರ ಹಾಳಿ ಖಾಲಿ ಇಲ್ಲ ಅಂತ ಅರ್ಥ, ನನಗ ಅದ ದೊಡ್ಡದು, ಹೆಡ್‌ಮಾಸ್ಟರ್‌ಗೆ ಅದು ಬರೇ 19.

ಇನ್ನೊಂದು ಗಿಡದ ಬಗ್ಗೆ ಹೇಳದಿದ್ರ ನಾ ಸುಳ್ಳಿ ಆಗ್ತೀನಿ. ಬೈಬಲಿನ್ಯಾಗ ಇನ್ನೊಂದು ಅಂಜೂರದ ಗಿಡ ಐತಿ, ಮಾರ್ಕನ 11ನೇ ಅಧ್ಯಾಯದಾಗ. ಯೇಸುಗ ಹಸಿವಾಗಿತ್ತು, ದೂರಿಂದ ಎಲಿ ತುಂಬಿದ ಗಿಡ ಕಂಡು ಹತ್ರ ಹೋದ್ರ ಬರೇ ಎಲಿ, ಇನ್ನು ಯಾರೂ ನಿನ್ನ ಹಣ್ಣು ತಿನ್ನದಂಗ ಆಗಲಿ ಅಂತ ಶಾಪ ಕೊಟ್ಟ, ಮರುದಿನ ಬೆಳಿಗ್ಗೆ ನೋಡಿದ್ರ ಬೇರಿಂದ ಒಣಗಿತ್ತು. ಮಾರ್ಕ ಅಲ್ಲೇ ಒಂದು ಮಾತು ಸೇರಸ್ತಾನ, ಅದು ಅಂಜೂರದ ಸೀಜನ್ ಆಗಿರಲಿಲ್ಲ ಅಂತ. ಆ ಗಿಡಕ್ಕ ಯಾರೂ ಒಂದ್ ವರ್ಷ ಕೇಳಲಿಲ್ಲ. ದೊಡ್ಡ ದೊಡ್ಡ ಅರ್ಥ ಹೇಳ್ತಾರ ಇದಕ್ಕ, ದೇವಾಲಯದ ಸಂಕೇತ ಅಂತ, ನನಗ ಅವೆಲ್ಲಾ ಒಪ್ಪಿಗಿ. ಆದ್ರ ಓದಿದಾಗೆಲ್ಲಾ ನನಗ ಒಬ್ಬ ಹುಡುಗಿ ನೆನಪಾಗ್ತಾಳ. ಆಗ ನಾ ಬ್ಯಾರೆ ಸಾಲ್ಯಾಗಿದ್ದೆ, ಆಕಿನೂ ಒಂಬತ್ತನೆತ್ತೆ, ಲೆಕ್ಕದಾಗ ಸೊನ್ನಿ, ಟಿಸಿ ಕಾಗದದ ಮ್ಯಾಲ ಕ್ಲಾಸ್ ಟೀಚರ್ ಅಂತ ಸಹಿ ಮಾಡಿದ್ದು ನಾನ. ಅವತ್ತು ಆ ರೂಮಿನ್ಯಾಗ ಕನ್ನಡ ಸರ್‌ನಂತಾವ್ರು ಯಾರೂ ರಿಜಿಸ್ಟರ್ ಸಹಿ ಮಾಡಾಕತ್ತಿರಲಿಲ್ಲ. ಎರಡ್ ವರ್ಷದ ಹಿಂದ ಬಟ್ಟಿ ಅಂಗಡ್ಯಾಗ ನಾ ಬ್ಲೌಸ್ ಪೀಸ್ ನೋಡಾಕತ್ತಿದ್ದೆ, ಕೌಂಟರಿನಾಕಿ ಮೀಟರಿಗೆ ಇಷ್ಟು, ಎರಡೂವರಿಗೆ ಇಷ್ಟು, ಡಿಸ್ಕೌಂಟ್ ತಗದು ಇಷ್ಟು ಅಂತ ಕ್ಯಾಲ್ಕುಲೇಟರ್ ಇಲ್ಲದ ಪಟಪಟ ಹೇಳಿದ್ಲು, ತಲಿ ಎತ್ತಿ ನೋಡಿದ್ರ ಆಕಿ. "ಟೀಚರ್ ಆರಾಮ ಅದೀರಿ?" ಅಂದ್ಲು, ನಕ್ಕೋತ. ಆಕಿ ಬಿಟ್ಟಿದ್ಲು, ಅಂದ್ರ ಮರತಿರಲಿಲ್ಲ, ಬಿಟ್ಟಿದ್ಲು. ನನಗ ಆಗಲಿಲ್ಲ, ಬ್ಲೌಸ್ ಪೀಸ್ ತಗೊಳ್ಳದ ಹೊರಗ ಬಂದೆ. ಆಕಿ ಸೀಜನ್ ಆಗಿರಲಿಲ್ಲ ಅಷ್ಟ.

ಅಂಜೂರದ್ದೊಂದು ವಿಚಿತ್ರ ಐತಿ, ಇದನ್ನ ನಮ್ಮ ಸೈನ್ಸ್ ಟೀಚರ್ ಹೇಳಿದ್ದು. ಅಂಜೂರ ಆಗಲಿ ನಮ್ಮ ಅತ್ತಿ ಆಗಲಿ, ಹೂವು ಹೊರಗ ಕಾಣಂಗಿಲ್ಲ, ಕಾಯಿ ಒಳಗ ಹೂ ಇರ್ತಾವು. ಮಾವಾದ್ರ ಹೂ ನೋಡಿ ಈ ವರ್ಷ ಬೆಳಿ ಐತಿ ಅಂತ ಹೇಳಬಹುದು, ಬೂದಿ ರೋಗ ಬಿದ್ರ ಹೋತು ಅಂತನೂ ಹೇಳಬಹುದು. ಅಂಜೂರಕ್ಕ ಹಂಗ ಕಣ್ಣಿಗೆ ಬೀಳೋ ಹೂವ ಇಲ್ಲ. ಇದನ್ನ ಬಾಣಂತಿ ಅಂಟಿನ ಉಂಡಿಗೆ ಅಂಜೂರ ಹೆಚ್ಚಕೋತ ಕುಂತಿದ್ದ ನಮ್ಮವ್ವಗ ಒಮ್ಮೆ ಹೇಳಿದ್ನಿ, ಒಳಗಿನ ಬೀಜ ನೋಡಿ "ಇಷ್ಟ್ ಹೂವಾ?" ಅಂತ ಒಂದ್ ನಿಮಿಷ ಕೈ ನಿಲ್ಲಿಸಿದ್ಲು, ಆಮ್ಯಾಲ ಹೆಚ್ಚೋದು ಮುಂದವರ್ಸಿದ್ಲು.

ತ್ವಾಟದಾಂವನ ಕಡೀ ಮಾತು ಇನ್ನೊಮ್ಮೆ ನೋಡ್ರಿ. "ಇಲ್ಲಾಂದ್ರ ನೀವು ಕಡಸ್ರಿ" ಅಂತಾನ, ನಾ ಕಡೀತೀನಿ ಅನ್ನಂಗಿಲ್ಲ. ಅಗದಾಂವನ ಕೈಗೆ ಕಡಿಯೋದು ಬರಂಗಿಲ್ಲ ಅಂತ ಕಾಣ್ತೈತಿ. ನಂಗೂ ಈಗ ಹಂಗ ಆಗೇತಿ, ಈ ಹುಡುಗ ಫೇಲ್ ಆದ್ರ ಪರೀಕ್ಷೆ 2 ಐತಿ, ಪರೀಕ್ಷೆ 3 ಐತಿ, ಹೋದ ವರ್ಷ, 2024ರಾಗ, ಸರ್ಕಾರನ ವರ್ಷಕ್ಕ ಮೂರ್ ಪರೀಕ್ಷಾ ಮಾಡಿತ್ತು, ಅಲ್ಲಿ ಮಟಾ ಎಂಟು ಗಂಟೆಕ್ಕ ಹೋಗೋದ. ಬ್ಯಾಸರ ಆಕ್ಕೈತಿ ಅದು ಖರೆ. ಚಾ ಇಲ್ಲದ ಇನ್ನೂ ಬ್ಯಾಸರ.

ಇವತ್ತು ಗಣಿತ ಪೇಪರ್ ಇತ್ತು. ಸೆಂಟರ್ ಬ್ಯಾರೆ ಸಾಲಿ, ಒಳಗ ನಮ್ಮನ್ನ ಬಿಡಂಗಿಲ್ಲ, ಕನ್ನಡ ಸರ್ ಜೋಡಿ ಪದಕೋಶ ಮುಚ್ಚಿ ಸ್ಕೂಟಿ ತಗೊಂಡು ಹೋಗಿ ಗೇಟಿನ ಹೊರಗ ಬೇವಿನ ಗಿಡದ ನೆರಳಿಗೆ ನಿಂತ್ವಿ, ಬಿಸಲಂದ್ರ ಬಿಸಲು. ಬೆಲ್ ಆತು, ಹುಡುಗ್ರು ಹೊಂಟ್ವು, ಜಾಣ ಹುಡುಗ್ರು ಉತ್ತರ ತಾಳಿ ಮಾಡಕೋತ, ಬಾಕಿ ಹುಡುಗ್ರು ನೀರ್ ಕುಡಕೋತ. ಇಂವ ಎಲ್ಲಾರಕಿಂತ ಕಡೀಕ ಬಂದ, ಪೂರ್ತಿ ಮೂರ್ ತಾಸು ಕುಂತಿದ್ದ ಅಂದ್ರ ಅದ ನನಗ ನಂಬಾಕ ಆಗಲಿಲ್ಲ.

"ಹೆಂಗಾತೋ?"

"ಬಿಟ್ಟೀನ್ರಿ ಟೀಚರ್" ಅಂದ ಮಾರಿ ಸಣ್ಣದು ಮಾಡಿ.

"ಏನ್ ಬಿಟ್ಟಿಲೇ?"

"ನಾಕ್ ಪ್ರಶ್ನಿ."

ನಾ ಸರ್ ಮಾರಿ ನೋಡಿದೆ, ಸರ್ ನನ್ನ ಮಾರಿ ನೋಡಿದ್ರು. "ಬರೇ ನಾಕ?" ಅಂದ್ರು ಸರ್.